ಸುಣ್ಣದ ಕಲ್ಲಿಗೆ ಸರಿಯಾಗಿ

ರೈಲು ಓಡಿಸುವುದರಲ್ಲಿ ನಗುವಂಥಾದ್ದು ಏನೂ ಇಲ್ಲ. ಹಳಿ ಹೋದ ಕಡೆ ಅದು ಹೋಗುತ್ತದೆ. ನಗುವಂಥಾದ್ದೆಲ್ಲ ನಿಲ್ಲಿಸುವುದರಲ್ಲಿದೆ. ನಿಲ್ಲಿಸುವ ಕೆಲಸ ದಿನಾ ಇರುವುದರಿಂದ ಇಂಥವೂ ದಿನಾ ಒಂದಿಲ್ಲೊಂದು ಆಗುತ್ತಲೇ ಇರುತ್ತವೆ.

ನಾನು ಮೂರನೇ ಇಯತ್ತೆಗೇ ಸಾಲಿಗೆ ಶರಣು ಹೊಡೆದವನು. ಗಿರಣಿಯಲ್ಲಿ ಹತ್ತಿ ಹೊತ್ತೆ, ನಾಟಕದವರ ಹಿಂದೆ ಹೋಗಿ ಪರದೆ ಎಳೆದೆ, ಮೂಡಲಗಿಯಲ್ಲಿ ಬೆಲ್ಲದ ವ್ಯಾಪಾರಿಯ ಹತ್ತಿರ ತಕ್ಕಡಿ ಹಿಡಿದೆ. ಎಲ್ಲಿಯೂ ಕಾಲು ಊರಲಿಲ್ಲ. ಕಡೆಗೆ ಇಂಜಿನ್ನಿಗೆ ಕಲ್ಲಿದ್ದಲು ಹಾಕುವ ಕೆಲಸ ಸಿಕ್ಕಿತು. ನಿಂತಲ್ಲೇ ನಿಂತು ಊರೂರು ತಿರುಗುವ ಕೆಲಸ ಅದೊಂದೇ ಅಂತ ಕೆಲವು ವರ್ಷ ಅಲ್ಲೇ ಉಳಿದೆ. ಇನ್ನೂ ಸಾಹೇಬರ ರಾಜ್ಯ ಇದ್ದ ಕಾಲದ ಮಾತು ಇದು.

ನಮ್ಮ ಡ್ರೈವರು ಬೆಲ್ಲದ ಬಾಗೇವಾಡಿಯವ. ಒಕ್ಕಲುತನದ ಮನೆಯಲ್ಲಿ ಹುಟ್ಟಿ, ಎತ್ತು ಬಿಟ್ಟು ಇಂಜಿನ್ ಹಿಡಿದವ. ವಯಸ್ಸೇನೂ ಆಗಿರಲಿಲ್ಲ, ಆದರೆ ಮೀಸೆ ನೋಡಿ ಎಲ್ಲರೂ ಕಾಕಾ ಅನ್ನುತ್ತಿದ್ದರು. ಮೊದಲು ಅವನು ಯಾರ್ಡಿನಲ್ಲಿ ಶಂಟಿಂಗ್ ಇಂಜಿನ್ನಿನ ಮೇಲಿದ್ದ. ಅಂದರೆ ಖಾಲಿ ಡಬ್ಬಿಗಳನ್ನು ಅತ್ತ ನೂಕಿ ಇತ್ತ ಎಳೆಯುವ ಕೆಲಸ. ಅವನ ಮಾವ ಹುಕ್ಕೇರಿಯಲ್ಲಿ ನಾಲ್ಕು ಮಂದಿ ಕೈ ಮುಗಿಯುವಂಥ ಮನುಷ್ಯ. ಒಮ್ಮೆ ಯಾರ್ಡಿಗೆ ಬಂದು, ಬೇವಿನ ಮರದ ಕೆಳಗೆ ಕೂತು ಅಳಿಯನ ಕೆಲಸ ನೋಡಿ, ಊರಿಗೆ ಹೋಗಿ ಹೇಳಿದನಂತೆ: "ಮುಂಜಾನಿಂದ ಸಂಜಿ ತನಕ ಇಂಜಿನ್ ಓಡಸ್ತಾನ, ಖರೆ. ಆದ್ರ ಯಾವ ಊರಿಗೂ ಹೋಗೂದಿಲ್ಲ."

ಬಾಣಂತನಕ್ಕೆ ತವರಿಗೆ ಬಂದ ಮಗಳನ್ನು ಆಮೇಲೆ ಅವನು ಕಳಿಸಲೇ ಇಲ್ಲ. "ಅಳಿಯ ಪ್ಯಾಸೆಂಜರ್ ಗಾಡಿ ಮ್ಯಾಲ ಖಾಯಂ ಆಗಲಿ, ಮರುದಿನ ಮಗಳನ್ನ ಕಳಸ್ತೀನಿ" ಅಂದ. ಕೂಸು ಅಂಬೆಗಾಲು ಬಿಟ್ಟು ನಡೆಯುವುದನ್ನು ಕಲಿಯಿತು. ಅಪ್ಪನ ಮನೆಯ ಹೊಸ್ತಿಲು ಇನ್ನೂ ಕಂಡಿರಲಿಲ್ಲ.

ರೈಲು ಕಂಪನಿಯವರು ಕಾಕಾನನ್ನು ಪ್ಯಾಸೆಂಜರ್ ಗಾಡಿಗೆ ಹಾಕಿದರು, ಆದರೆ ಹಂಗಾಮಿಯಾಗಿ. ಓಡಿಸುವುದರಲ್ಲಿ ಅವನ ಮೇಲೆ ಒಂದು ಮಾತು ಬರುವ ಹಾಗಿರಲಿಲ್ಲ. ತಕರಾರು ಒಂದೇ, ಅವನ ಗಾಡಿ ನಿಲ್ಲಬೇಕಾದ ಕಡೆ ನಿಲ್ಲುತ್ತಿರಲಿಲ್ಲ.

ಅವನ ತಪ್ಪೂ ಅಷ್ಟಿಲ್ಲ. ನಮ್ಮ ಸ್ಟೇಶನ್ನು ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ಊರಿನವರಿಗೆ ಬೇಕಾದದ್ದು, ಮೂರರಲ್ಲಿ ಯಾವ ಊರಿನಲ್ಲೂ ಇಲ್ಲದ್ದು. ಚಕ್ಕಡಿ ಕಟ್ಟಿಕೊಂಡು ಬರುವ ಅಷ್ಟು ಜನಕ್ಕೆ ಪ್ಲಾಟ್‌ಫಾರ್ಮ್ ಮಾತ್ರ ಗಿಡ್ಡ. ಮುಂದಿನ ತುದಿಯಲ್ಲಿ ಸುಣ್ಣ ಬಳಿದ ಒಂದು ಕಲ್ಲು ನೆಟ್ಟಿದ್ದರು. ಇಂಜಿನ್ನಿನ ಮೆಟ್ಟಿಲು ಆ ಕಲ್ಲಿಗೆ ಸರಿಯಾಗಿ ನಿಂತರೆ ಕಟ್ಟಕಡೆಯ ಡಬ್ಬಿಯ ಬಾಗಿಲು ಪ್ಲಾಟ್‌ಫಾರ್ಮಿನ ಹಿಂದಿನ ತುದಿಗೆ ಬೀಳುತ್ತಿತ್ತು. ಹಿಂದೆ ನಿಂತರೆ ಹಿಂದಿನವರು ಜಾಲಿಕಂಟಿಯಲ್ಲಿ ಇಳಿಯಬೇಕು, ಮುಂದೆ ಹೋದರೆ ಮುಂದಿನವರು ಗಟಾರದಲ್ಲಿ. ಬ್ರೇಕನ್ನೋ, ಸ್ಟೇಶನ್ ಕಣ್ಣಿಗೆ ಬೀಳುವ ಮೊದಲೇ ಹಿಡಿಯಬೇಕು. ಬೆಲ್ಲದ ಪೆಂಟಿ ಹೇರಿದ ಗಾಡಿ ಹಿಡಿದರೂ ಜಗ್ಗಿಕೊಂಡು ಹೋಗುತ್ತದೆ, ಖಾಲಿ ಗಾಡಿ ಮುಟ್ಟಿದರೆ ನಿಲ್ಲುತ್ತದೆ, ಮಳೆ ಬಿದ್ದ ದಿನ ಎರಡೂ ಮಾತು ಕೇಳುವುದಿಲ್ಲ. ಈ ಲೆಕ್ಕ ತಲೆಯಲ್ಲಿ ಇದ್ದರೆ ಸಾಲದು, ಮೊಣಕೈಯಲ್ಲಿ ಇರಬೇಕು. ಕಾಕಾನ ಮೊಣಕೈಗೆ ಅದು ಇನ್ನೂ ಇಳಿದಿರಲಿಲ್ಲ.

ಕರದಂಟಿನ ಬುಟ್ಟಿ

ಸುಣ್ಣದ ಕಲ್ಲು ಗಾಡಿಯವರಿಗೆ ಗುರುತು, ಊರವರಿಗೆ ಕೂಡುವ ಜಾಗ. ಒಂದು ದಿನ ಅದರ ಮೇಲೆ ಯಾವುದೋ ಮುದುಕ ಕೂತು ಎಲೆ ಅಡಿಕೆ ಜಗಿಯುತ್ತಿದ್ದರೆ, ಇನ್ನೊಂದು ದಿನ ಮೂಟೆ ಇಟ್ಟಿರುತ್ತಿದ್ದರು. ಗಾಡಿ ಬಂದಾಗ ಕಲ್ಲು ಕಾಣುತ್ತಲೇ ಇರಲಿಲ್ಲ. ಆದ್ದರಿಂದ ಕಾಕಾ ತನ್ನದೇ ಒಂದು ಗುರುತು ಮಾಡಿಕೊಂಡ. ಕಲ್ಲಿನ ಮಗ್ಗುಲಿಗೇ ಗೋಕಾಕದ ಒಬ್ಬ ಕರದಂಟು ಮಾರುವವನು ಕೂಡುತ್ತಿದ್ದ. ಅವನ ಬುಟ್ಟಿಯ ಮೇಲೆ ಹಳದಿ ಬಟ್ಟೆ, ದೂರದಿಂದಲೇ ಕಾಣುವಂಥಾದ್ದು. "ಬುಟ್ಟಿ ಎದುರಿಗೆ ನಿಂದರಿಸಿದ್ರ ಆತು" ಅಂದ ಕಾಕಾ.

ಒಂದೆರಡು ವಾರ ಗಾಡಿ ಎಷ್ಟು ಚೊಕ್ಕ ನಿಂತಿತೆಂದರೆ ಸ್ಟೇಶನ್ ಮಾಸ್ತರರು ಬಂದು ಕಾಕಾನಿಗೆ ಚಹಾ ಕುಡಿಸಿದರು. ಆದರೆ ಕರದಂಟಿನವನಿಗೆ ನಷ್ಟವಾಗತೊಡಗಿತು. ಅವನ ಮುಂದೆ ಬಂದು ನಿಲ್ಲುತ್ತಿದ್ದದ್ದು ಇಂಜಿನ್ನು. ಇಂಜಿನ್ನಿನಲ್ಲಿ ಇರುವವರು ನಾವಿಬ್ಬರೇ, ಮೈತುಂಬ ಮಸಿ. ನಾವು ಕರದಂಟು ಕೊಳ್ಳುವವರಲ್ಲ. ತುಪ್ಪದ ತಿಂಡಿ ಕೊಳ್ಳುವ ವಕೀಲರು, ಸಾಹುಕಾರರು ಇರುವ ಮೇಲ್ದರ್ಜೆಯ ಡಬ್ಬಿ ಹಿಂದೆ, ಗಾಡಿಯ ನಡುವಿನಲ್ಲಿ. ಅವನು ಯೋಚನೆ ಮಾಡಿ ಬುಟ್ಟಿಯನ್ನು ಸ್ವಲ್ಪ ಹಿಂದಕ್ಕೆ ಸರಿಸಿಕೊಂಡು ಕೂತ.

ಕಾಕಾ ಬಂದ. ಬುಟ್ಟಿ ನೋಡಿದ. ಬುಟ್ಟಿಯ ಎದುರಿಗೇ ನಿಲ್ಲಿಸಿದ. ಮೇಲ್ದರ್ಜೆಯ ಡಬ್ಬಿ ಅಷ್ಟೇ ಹಿಂದೆ ಉಳಿಯಿತು.

ಮರುದಿನ ಅವನು ಇನ್ನಷ್ಟು ಹಿಂದೆ ಸರಿದ. ಗಾಡಿಯೂ ಸರಿಯಿತು. ಅದರ ಮರುದಿನ ಮತ್ತೆ. ಇಂಜಿನ್ನಿನ ಮೇಲೆ ನಿಂತವರಿಗೆ ಈ ಸರಿದಾಟ ತಿಳಿಯುವುದಿಲ್ಲ, ಬುಟ್ಟಿ ಎದುರಿಗಿದೆ, ಅಂದಮೇಲೆ ನಾವು ಸರಿಯಾಗೇ ಇದ್ದೇವೆ. ಕಡೆಗೆ ಒಂದು ದಿನ ಗಾರ್ಡ್ ಸಾಹೇಬರು ಹಿಂದಿನಿಂದ ನಡೆದು ಬಂದರು. ಅವರ ಕೋಟಿಗೆ ಜಾಲಿ ಮುಳ್ಳು ಸಿಕ್ಕಿತ್ತು, ಹಿಂದೆಯೇ ಹತ್ತಿಪ್ಪತ್ತು ಮಂದಿ ಪಂಚೆಯ ಮುಳ್ಳು ಕೀಳುತ್ತ ಬರುತ್ತಿದ್ದರು. "ಏನೋ ಕಾಕಾ, ಅರ್ಧ ಗಾಡಿ ಹೊಲದಾಗ ನಿಂದರಿಸಿದಿಯಲ್ಲೋ. ಬಿತ್ತಾಕ ಬಂದಿಯೇನ?"

ಆಗ ಮಾಸ್ತರರು ಕರದಂಟಿನವನನ್ನು ಕರೆಸಿ, ಜಾಗ ಯಾಕೆ ಬದಲಿಸಿದೆ ಅಂತ ದಬಾಯಿಸಿದರು. ಅವನು ಅಳುವ ದನಿಯಲ್ಲಿ ಹೇಳಿದ:

"ನಾ ಏನ್ ಮಾಡ್ಲಿರಿ ಮಾಸ್ತರ್ರ? ಆ ಸಾಹುಕಾರ್ರ ಡಬ್ಬಿ ಎದುರಿಗೆ ಕೂಡೂಣು ಅಂತ ದಿನಾ ಹಿಂದ ಸರೀತೀನ್ರಿ. ನಾ ಒಂದ್ ಮಾರ ಸರದ್ರ ಅದು ಒಂದ್ ಮಾರ ಹಿಂದ ಓಡ್ತೈತಿ. ಆ ಡಬ್ಬಿಗೆ ಕರದಂಟು ಸೇರೂದಿಲ್ಲಂತ ಕಾಣ್ತೈತ್ರಿ."

ಸಾಕು ಅನ್ನುವ ಮಾತು

ಮುಂದಿನ ಸ್ಟೇಶನ್ನಿನಲ್ಲಿ ಇಂಜಿನ್ನಿಗೆ ನೀರು ಹಿಡಿಯುವ ಕಂಬ ಇತ್ತು. ಅದಕ್ಕೆ ಆನೆಯ ಸೊಂಡಿಲಿನ ಹಾಗೆ ಜೋತುಬಿದ್ದ ಒಂದು ತೊಗಲಿನ ಕೊಳವೆ. ಇಂಜಿನ್ನಿನ ನೀರಿನ ತೊಟ್ಟಿಯ ಬಾಯಿ ಆ ಸೊಂಡಿಲಿನ ಕೆಳಗೇ ಬಂದು ನಿಲ್ಲಬೇಕು. ಒಂದು ಮೊಳ ಅತ್ತಿತ್ತ ಆದರೆ ನೀರು ತೊಟ್ಟಿಗೆ ಬೀಳುವುದಿಲ್ಲ, ಕಲ್ಲಿದ್ದಲಿನ ಮೇಲೆ ಬೀಳುತ್ತದೆ, ಇಲ್ಲವೇ ನನ್ನ ಮೇಲೆ.

ನೀರು ಬಿಡುವವನು ಕಂಬದ ಮೇಲೆ ನಿಂತು ಎತ್ತಿನ ಗಾಡಿ ಹಿಂದಕ್ಕೆ ತರಿಸುವವರ ಹಾಗೆ ಕೂಗುತ್ತಿದ್ದ. "ಬರ್ಲಿ… ಬರ್ಲಿ… ಇನ್ನೊಂದೀಟು ಬರ್ಲಿ… ಸಾಕು." ಕಾಕಾ ನಿಲ್ಲಿಸುತ್ತಿರಲಿಲ್ಲ. "ಸಾಕೋ ಕಾಕಾ." ಆಗ ಸ್ವಲ್ಪ ನಿಧಾನ ಮಾಡುತ್ತಿದ್ದ. "ಏ, ಸಾಕೋ ಮಾರಾಯಾ, ಸಾಕು" ಅಂತ ಅವನು ಹೊಟ್ಟೆಯಿಂದ ಕೂಗಿದಾಗ ನಿಲ್ಲುತ್ತಿತ್ತು, ಅಷ್ಟರಲ್ಲಿ ಸೊಂಡಿಲು ಹಿಂದೆ ಉಳಿದಿರುತ್ತಿತ್ತು. ಮತ್ತೆ ಗಾಡಿ ಹಿಂದಕ್ಕೆ. ಒಳಗೆ ಎದ್ದು ನಿಂತವರೆಲ್ಲ ಒಬ್ಬರ ತೊಡೆಯ ಮೇಲೆ ಒಬ್ಬರು.

ಒಂದು ದಿನ ಹೀಗೆ ಆಗಿ ಅರ್ಧ ತೊಟ್ಟಿ ನೀರು ನನ್ನ ತಲೆಯ ಮೇಲೆ ಬಿತ್ತು. ನೀರಿನವ ಕಂಬದಿಂದ ಇಳಿದು ಬಂದ.

"ಕಾಕಾ, ನಿನಗ ಸಾಕು ಅಂದ್ರ ತಿಳಿಯೂದಿಲ್ಲೇನು?"

"ತಿಳಿಯೂದಿಲ್ದ ಏನು? ಆದ್ರ ಮೊದಲನೇ ಸಾಕು ಯಾರ ಖರೆ ಹೇಳ್ತಾರ?"

"ಹಂಗಂದ್ರ?"

"ನಮ್ಮ ಮನ್ಯಾಗ ಊಟಕ್ಕ ಕುಂತವರು ಒಂದನೇ ಸಲ ಸಾಕು ಅಂದ್ರ ಅದು ಮರ್ಯಾದಿಗೆ. ಎರಡನೇ ಸಲ ಅಂದ್ರ ಅದು ನಾಚಿಕಿಗೆ. ಮೂರನೇ ಸಲ ತಾಟಿನ ಮ್ಯಾಲ ಕೈ ಅಡ್ಡ ಹಿಡದ್ರ ಅದು ಖರೆ ಸಾಕು. ಮೊದಲನೇ ಸಾಕಿಗೇ ನೀಡೂದ ಬಿಟ್ರ ಮನಿಗೆ ಬಂದವರು ಏನ್ ಅಂದ್ಕೋಬೇಕು?"

ಮಾತು ನೀರಿನವನಿಗೂ ಸುಳ್ಳು ಅನಿಸಲಿಲ್ಲ, ಅವನೂ ಇದೇ ಸೀಮೆಯವ. ಕಡೆಗೆ ಇಬ್ಬರೂ ಒಪ್ಪಂದ ಮಾಡಿಕೊಂಡರು. ಕಂಬದ ಹತ್ತಿರ ಹೇಳಿದ ಸಾಕು ಊಟದ ಸಾಕು ಅಲ್ಲ. ಅದನ್ನು ಒಂದೇ ಸಲ ಹೇಳುವುದು, ಹೇಳಿದ ಕೂಡಲೇ ನಿಲ್ಲಿಸುವುದು.

ಇದು ಎಷ್ಟು ಚೆನ್ನಾಗಿ ನಡೆಯಿತೆಂದರೆ ನೀರಿನವನಿಗೆ ಹೆಮ್ಮೆಯೇ ಬಂದು, ನಮ್ಮಿಬ್ಬರನ್ನೂ ಮನೆಗೆ ಹೋಳಿಗೆ ಊಟಕ್ಕೆ ಕರೆದ. ಕಾಕಾ ಮುಂಜಾನೆಯಿಂದ ಹೊಟ್ಟೆ ಖಾಲಿ ಇಟ್ಟುಕೊಂಡು ಬಂದಿದ್ದ. ಹೆಂಡತಿ ತವರಲ್ಲಿ ಕೂತಮೇಲೆ ಅವನು ಹೋಳಿಗೆಯ ವಾಸನೆಯನ್ನೂ ಕಂಡಿರಲಿಲ್ಲ. ನೀರಿನವನ ಹೆಂಡತಿ ಬಂದು ತಾಟಿಗೆ ಒಂದು ಹೋಳಿಗೆ ಹಾಕಿದಳು. ಕಾಕಾ ಮರ್ಯಾದೆಗೆ "ಸಾಕ್ರಿ ಅಕ್ಕಾರ" ಅಂದ.

ಆಕೆ ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು. ಮತ್ತೆ ಹೊರಗೆ ಬರಲಿಲ್ಲ.

ಕಾಕಾ ಆ ಒಂದು ಹೋಳಿಗೆಯನ್ನು ಚೂರು ಚೂರು ಮುರಿದು ತಿನ್ನುತ್ತ ಅಡಿಗೆಮನೆಯ ಬಾಗಿಲನ್ನೇ ನೋಡುತ್ತಿದ್ದ. ನೀರಿನವ ಎದೆ ಉಬ್ಬಿಸಿ ಹೇಳಿದ: "ನೋಡಿದ್ಯಾ ಕಾಕಾ? ನಿನ್ನ ಕಾಯ್ದೆ ಮನ್ಯಾಗೂ ಹೇಳಿಟ್ಟೇನಿ. ಒಂದ ಸಾಕಿಗೆ ನಿಂತುಬಿಡ್ತು."

ತಿರುಗಿ ಬಂದವರು

ನಮ್ಮ ಕಡೆ ಮನೆ ಬಿಟ್ಟು ಹೊರಟವರು ಏನೋ ಮರೆತು ತಿರುಗಿ ಬಂದರೆ ಹಾಗೇ ಮತ್ತೆ ಹೊರಡುವಂತಿಲ್ಲ. ಒಂದು ಗಳಿಗೆ ಕೂಡಬೇಕು, ಒಂದು ಗುಟುಕು ನೀರು ಕುಡಿಯಬೇಕು, ಬಾಯಿಗೆ ಒಂದು ಚೂರು ಬೆಲ್ಲ ಹಾಕಿಕೊಂಡು ಆಮೇಲೆ ಎದ್ದು ಹೋಗಬೇಕು. ಇದು ಎಲ್ಲರಿಗೂ ಗೊತ್ತಿದ್ದದ್ದೇ. ಆದರೆ ರೈಲಿಗೂ ಇದು ತಾಗುತ್ತದೆ ಅಂತ ನಮಗೆ ಗೊತ್ತಿರಲಿಲ್ಲ.

ಒಂದು ಸಲ ಮೂಡಲಗಿಯ ಒಬ್ಬ ವ್ಯಾಪಾರಿಯ ಮಗಳು ಮದುವೆಯಾದ ಮೇಲೆ ಮೊದಲ ಸಲ ಗಂಡನ ಮನೆಗೆ ಹೊರಟಿದ್ದಳು. ಕಳಿಸಲಿಕ್ಕೆ ಓಣಿಗೆ ಓಣಿಯೇ ಬಂದಿತ್ತು. ಕಾಕಾ ಆ ದಿನ ಗಾಡಿಯನ್ನು ಸ್ವಲ್ಪ ಹಿಂದೆ ನಿಲ್ಲಿಸಿದ್ದ. ಮದುಮಗಳು ಕೂತ ಮುಂದಿನ ಡಬ್ಬಿಯವರಿಗೆ ಏನೂ ತೊಂದರೆಯಾಗಲಿಲ್ಲ. ಅಳುವವರು ಅತ್ತರು, ಉಡಿ ತುಂಬುವವರು ತುಂಬಿದರು, ಅವಳ ಅಜ್ಜಿ ಕಿಟಕಿಯಲ್ಲಿ ಕೈ ಹಾಕಿ ಮೊಮ್ಮಗಳ ಗಲ್ಲ ಹಿಡಿದು ಲಟಿಕೆ ಮುರಿದಳು. ಸೀಟಿ ಆಯಿತು, ಗಾಡಿ ಹೊರಟಿತು.

ನಾಲ್ಕು ಹೆಜ್ಜೆ ಹೋಗಿರಲಿಲ್ಲ, ಹಿಂದಿನಿಂದ ಗಾರ್ಡ್ ಸಾಹೇಬರ ಕೆಂಪು ಬಾವುಟ. ನೋಡಿದರೆ ಕಡೆಯ ಡಬ್ಬಿ ಪ್ಲಾಟ್‌ಫಾರ್ಮಿಗೆ ಸಿಕ್ಕೇ ಇರಲಿಲ್ಲ. ಹತ್ತಲಾಗದವರು ಗಂಟು ಹೊತ್ತುಕೊಂಡು ಓಡಿ ಬರುತ್ತಿದ್ದರು. ಕಾಕಾ ಗಾಬರಿಯಲ್ಲಿ ನಿಲ್ಲಿಸಿದ, ಅದೂ ಕಲ್ಲು ದಾಟಿ. ಮುಂದಿನ ಡಬ್ಬಿಗಳು ಗಟಾರದ ಮೇಲೆ ಬಂದವು. ಗಾರ್ಡ್ ಸಾಹೇಬರು ಹಿಂದಕ್ಕೆ ತಾ ಅಂತ ಕೈ ಮಾಡಿದರು. ಕಾಕಾ ಗಾಡಿ ಹಿಂದಕ್ಕೆ ತಂದ. ಈ ಸಲ ಕಲ್ಲಿಗೆ ಸರಿಯಾಗಿ ನಿಂತಿತು, ನಾವಿಬ್ಬರೂ ಉಸಿರು ಬಿಟ್ಟೆವು.

ಆದರೆ ಮದುಮಗಳು ಹೊರಟು ತಿರುಗಿ ಬಂದಂತಾಯಿತಲ್ಲ.

"ಇಳಿಸ್ರಿ ಅಕಿನ್ನ" ಅಂದಳು ಅಜ್ಜಿ. ಇಳಿಸಿದರು. ಕಂಬಳಿ ಹಾಸಿ ಕೂಡಿಸಿದರು. ಚರಿಗೆಯಲ್ಲಿ ನೀರು ಕೊಟ್ಟರು. ಬೆಲ್ಲಕ್ಕೆ ಕೊರತೆಯೇ, ಮೂಡಲಗಿಯವರು. ಇದನ್ನು ನೋಡಿ ಅದೇ ಡಬ್ಬಿಯ ಇನ್ನೊಬ್ಬ ಹೆಂಗಸು "ನಾವೂ ತಿರುಗಿ ಬಂದಂಗ ಆತಲ್ರಿ" ಅಂತ ಇಳಿದಳು. ಕೋರ್ಟಿಗೆ ಹೊರಟಿದ್ದ ಇಬ್ಬರು ಕಕ್ಷಿದಾರರು ಇಳಿದರು, ಅವರ ದಾವೆ ಮೊದಲೇ ಅಷ್ಟಕ್ಕಷ್ಟೆ ಇತ್ತು. ಅವರನ್ನು ನೋಡಿ ಎದುರು ಪಕ್ಷದವರೂ ಇಳಿದರು. ನೋಡನೋಡುತ್ತ ಗಾಡಿ ಬರಿದಾಗಿ, ಪ್ಲಾಟ್‌ಫಾರ್ಮ್ ತುಂಬ ಜನ ಸಾಲಾಗಿ ಕೂತು ಬೆಲ್ಲ ಚೀಪತೊಡಗಿದರು. ಮೇಲ್ದರ್ಜೆಯ ಒಬ್ಬ ವಕೀಲರು ಇಂಥದ್ದನ್ನೆಲ್ಲ ತಾವು ನಂಬುವುದಿಲ್ಲ ಅಂತ ಇಂಗ್ಲಿಷಿನಲ್ಲಿ ಹೇಳಿ, ಇಳಿದು ನೀರು ಕೇಳಿದರು.

ಗಾರ್ಡ್ ಸಾಹೇಬರು ಬಾವುಟ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ನಿಂತಿದ್ದರು. ಕಾಕಾ ಇಂಜಿನ್ನಿನಿಂದ ಬಗ್ಗಿ ಅಜ್ಜಿಗೆ ಕೈ ಮುಗಿದ. "ಯವ್ವಾ, ಗಾಡಿ ತಡಾ ಆತು ಅಂದ್ರ ನನ್ನ ನೌಕರಿ ಹೋಗ್ತೈತಿ. ಲಗೂನ ಹತ್ತಿಸಬೇ."

ಅಜ್ಜಿ ಅವನನ್ನು, ಆಮೇಲೆ ಇಂಜಿನ್ನನ್ನು ಮೇಲಿನಿಂದ ಕೆಳಗಿನ ತನಕ ನೋಡಿ ಹೇಳಿದಳು: "ನಮ್ದು ಆತು. ನಿನ್ನ ಇಂಜಿನ್ನಿಗೆ ನೀರು ಕುಡಿಸಿದಿಯೇನು? ಅದೂ ಹೊಂಟು ತಿರುಗಿ ಬಂದೈತಿ."

ಮಾವ ನಿಂತಲ್ಲಿ

ಇಷ್ಟಾದ ಮೇಲೆ ದೂರು ಮೇಲಿನ ತನಕ ಹೋಗದೆ ಇರುತ್ತದೆಯೇ? ಜಾಲಿ ಮುಳ್ಳು ಚುಚ್ಚಿಸಿಕೊಂಡವರು, ಗಾಡಿ ತಡವಾಗಿ ದಾವೆ ಸೋತವರು ಎಲ್ಲ ಸೇರಿ ದೂರು ಕೊಟ್ಟರು. ದೊಡ್ಡ ಸಾಹೇಬರು ತಾವೇ ಪರೀಕ್ಷೆಗೆ ಬರುತ್ತಾರೆ ಅಂತ ಸುದ್ದಿ ಬಂತು. ಖಾಲಿ ಡಬ್ಬಿಗಳ ಗಾಡಿ ಕಟ್ಟಿ, ಕಾಕಾ ಅದನ್ನು ಸುಣ್ಣದ ಕಲ್ಲಿಗೆ ಸರಿಯಾಗಿ ನಿಲ್ಲಿಸಿ ತೋರಿಸಬೇಕು. ನಿಲ್ಲಿಸಿದರೆ ಖಾಯಂ, ಇಲ್ಲದಿದ್ದರೆ ಮತ್ತೆ ಯಾರ್ಡು.

ಹುಕ್ಕೇರಿಗೂ ಸುದ್ದಿ ಮುಟ್ಟಿತು. ಪರೀಕ್ಷೆಯ ದಿನ ಮುಂಜಾನೆ ಮಾವ ತನ್ನ ಚಕ್ಕಡಿ ಕಟ್ಟಿಸಿಕೊಂಡು ಬಂದೇಬಿಟ್ಟ. ಬಿಳಿ ಅಂಗಿ, ಹೆಗಲ ಮೇಲೆ ಶಲ್ಯ, ತಲೆಗೆ ಗಟ್ಟಿ ಸುತ್ತಿದ ಕೆಂಪು ರುಮಾಲು. ಕಲ್ಲಿನ ಹತ್ತಿರ ಸಾಹೇಬರು ಗಡಿಯಾರ ಹಿಡಿದು ನಿಂತಿದ್ದರಿಂದ, ಅವರಿಗೆ ಅಡ್ಡ ಆಗಬಾರದು ಅಂತ ಮಾವ ಒಂದು ಡಬ್ಬಿಯಷ್ಟು ಈಚೆಗೆ, ಪ್ಲಾಟ್‌ಫಾರ್ಮಿನ ಅಂಚಿನಲ್ಲಿ ನಿಂತ.

ನಾವು ಸಿಗ್ನಲ್ಲಿನ ಕೈಕಂಬದ ಆಚೆಯಿಂದ ಹೊರಟೆವು. ಕಾಕಾ ಬ್ರೇಕಿನ ಮೇಲೆ ಕೈ ಇಟ್ಟಿದ್ದ. ಪ್ಲಾಟ್‌ಫಾರ್ಮ್ ಬಂತು. ಕಾಕಾ ಬಗ್ಗಿ ಮುಂದೆ ನೋಡಿದ. ಹಿಡಿದ, ಬಿಟ್ಟ, ಮತ್ತೆ ಒಂದಿಷ್ಟು ಹಿಡಿದ. ಗಾಡಿ ಬೆಣ್ಣೆಯ ಮೇಲೆ ಬಂದ ಹಾಗೆ ಬಂದು ನಿಂತಿತು. ಇಂಜಿನ್ನಿನ ಮೆಟ್ಟಿಲು ಮಾವನ ಪಾದಕ್ಕೆ ನೆಟ್ಟಗೆ, ಒಂದು ಬೆರಳೂ ಅತ್ತಿತ್ತ ಇಲ್ಲ. ಕಾಕಾ ಇಳಿದು ಮಾವನ ಕಾಲು ಮುಟ್ಟಿ ನಮಸ್ಕಾರ ಮಾಡಿದ.

ಸುಣ್ಣದ ಕಲ್ಲು ಇನ್ನೂ ಒಂದು ಡಬ್ಬಿಯಷ್ಟು ಮುಂದಿತ್ತು. ಸಾಹೇಬರು ಕೆಂಪಗಾಗಿ ಬಂದರು. ಅವರ ಇಂಗ್ಲಿಷನ್ನು ಮಾಸ್ತರರು ಕನ್ನಡ ಮಾಡಿದರು: "ಇಲ್ಲಿ ಯಾಕ ನಿಂದರಿಸಿದಿ ಅಂತ ಕೇಳಾಕತ್ತಾರ."

"ಮಾವ ನಿಂತಿದ್ರಲ್ರಿ" ಅಂದ ಕಾಕಾ. "ಅವರನ್ನ ದಾಟಿ ಹೋದ್ರ ಸೊಕ್ಕು ಬಂದೈತಿ ಅಂತಾರ. ಹಿಂದ ನಿಂತ್ರ ಮಾರಿ ತಪ್ಪಿಸಿದಾ ಅಂತಾರ. ಎದುರಿಗೇ ನಿಂದರಬೇಕಲ್ರಿ."

ಮಾಸ್ತರರು ಇದನ್ನು ಹೇಗೆ ಇಂಗ್ಲಿಷ್ ಮಾಡಿದರೋ ನಾನರಿಯೆ. ಸಾಹೇಬರು ಬಗ್ಗಿ ಇಂಜಿನ್ನಿನ ಮೆಟ್ಟಿಲನ್ನೂ ಮಾವನ ಪಾದವನ್ನೂ ನೋಡಿದರು. ಆಮೇಲೆ ಮಾವನ ತೋಳು ಹಿಡಿದು ನಡೆಸಿಕೊಂಡು ಹೋಗಿ ಸುಣ್ಣದ ಕಲ್ಲಿನ ಪಕ್ಕ ನಿಲ್ಲಿಸಿ, ಗಾಡಿ ಹಿಂದಕ್ಕೆ ಒಯ್ದು ಮತ್ತೆ ತಾ ಅಂದರು.

ತಂದೆವು. ಮೆಟ್ಟಿಲು ಮಾವನ ಪಾದಕ್ಕೆ, ಅಂದರೆ ಕಲ್ಲಿಗೆ ಸರಿಯಾಗಿ ನಿಂತಿತು. ಕಾಕಾ ಇಳಿದು ಮತ್ತೆ ಕಾಲು ಮುಟ್ಟಿದ.

"ಪರೀಕ್ಷೆ ಆತಲ್ರಿ" ಅಂದರು ಮಾಸ್ತರರು. ಸಾಹೇಬರು ತಲೆ ಅಲ್ಲಾಡಿಸಿದರು. ಪ್ರತಿ ಸ್ಟೇಶನ್ನಿಗೆ ಒಬ್ಬ ಮಾವನನ್ನು ಕಂಪನಿ ಎಲ್ಲಿಂದ ತರಬೇಕು ಅನ್ನುವುದು ಅವರ ಮಾತು. ಮಾವನನ್ನು ಗೋದಾಮಿನಲ್ಲಿ ಕೂಡಿಸಿ ಬಾಗಿಲು ಹಾಕಿಸಿದರು. ಬೇಕಾದರೆ ಒಂದು ಗುರುತು ಇರಲಿ ಅಂತ ತಮ್ಮ ಟೊಪ್ಪಿಗೆಯನ್ನೇ ತೆಗೆದು ಕಲ್ಲಿನ ಮೇಲೆ ಇಟ್ಟರು.

ಗಾಡಿ ಬಂತು. ಟೊಪ್ಪಿಗೆಯನ್ನು ದಾಟಿತು. ಒಂದು ಡಬ್ಬಿ ದಾಟಿತು, ಇನ್ನೊಂದೂ ದಾಟಿತು, ಆಮೇಲೆ ನಿಂತಿತು. ಸಾಹೇಬರ ಮುಖ ಸಣ್ಣಗಾಯಿತು.

"ನಮ್ಮ ಟೊಪ್ಪಿಗಿ ಕಾಣಲಿಲ್ಲೇನು ಅಂತ ಕೇಳಾಕತ್ತಾರ" ಅಂದರು ಮಾಸ್ತರರು.

"ಕಾಣಿಸ್ತ್ರಿ" ಅಂದ ಕಾಕಾ. "ಆದ್ರ ಅದು ನಮಗ ಏನಾಗಬೇಕ್ರಿ?"

ಮಾಸ್ತರರು ಇದನ್ನು ಇಂಗ್ಲಿಷ್ ಮಾಡಲೇ ಇಲ್ಲ. ಸಾಹೇಬರು ಟೊಪ್ಪಿಗೆ ಎತ್ತಿ ತಲೆಗೆ ಹಾಕಿಕೊಂಡರು, ಗಡಿಯಾರ ಮುಚ್ಚಿ ಕಿಸೆಗೆ ಹಾಕಿದರು. ಅದರ ಅರ್ಥ ನಮಗೆಲ್ಲ ತಿಳಿಯಿತು. ಕಾಕಾ ಇಂಜಿನ್ನಿನ ಕಂಬಿ ಹಿಡಿದುಕೊಂಡು ಹುಕ್ಕೇರಿಯ ದಾರಿಯ ಕಡೆ ನೋಡುತ್ತ ನಿಂತುಬಿಟ್ಟ.

ಮಾಸ್ತರರು ಗೋದಾಮಿನ ಬಾಗಿಲು ತೆಗೆಸಿ ಒಳಗೆ ಹೋದರು. ನಾನೂ ಹಿಂದೆ ಹೋದೆ.

"ಯಜಮಾನ್ರ, ನಿಮ್ಮ ರುಮಾಲು ಒಂದು ಗಳಿಗಿ ಕೊಡ್ರಿ."

ಮಾವ ಎರಡೂ ಕೈಯಿಂದ ರುಮಾಲು ಹಿಡಿದುಕೊಂಡ. ನಮ್ಮ ಕಡೆ ತಿಳಿದವರು ಬರೀ ತಲೆಯಲ್ಲಿ ನಾಲ್ಕು ಮಂದಿಯ ಎದುರು ನಿಲ್ಲುವುದು ಸಣ್ಣ ಮಾತಲ್ಲ. "ಏನ್ ಮಾತಾಡಾಕತ್ತೀರಿ ಮಾಸ್ತರ್ರ? ಮಂದ್ಯಾಗ ನಾ ರುಮಾಲು ತಗೀಲೇನು?"

"ತಗೀಬ್ಯಾಡ್ರಿ. ಅಳಿಯ ಯಾರ್ಡಿಗೆ ಹೋಗ್ತಾನ. ಮಗಳು ನಿಮ್ಮ ಮನ್ಯಾಗ ಇರ್ತಾಳ. ಮೊಮ್ಮಗ ದೊಡ್ಡಾಂವ ಆಗಿ ಅವನ ಲಗ್ನಾನೂ ನೀವೇ ಮಾಡ್ರಿ."

ಮಾವ ಹೊರಗೆ ನೋಡಿದ. ಅಳಿಯ ಇನ್ನೂ ಹಾಗೇ ಕಂಬಿ ಹಿಡಿದು ನಿಂತಿದ್ದ. ಮುದುಕ ಎರಡೂ ಕೈಯಿಂದ ರುಮಾಲನ್ನು ಮೆಲ್ಲಗೆ ಎತ್ತಿದ. ಸುತ್ತು ಬಿಚ್ಚದ ಹಾಗೆ ಅದನ್ನು ತಾನೇ ಹೊತ್ತು ತಂದು ಸುಣ್ಣದ ಕಲ್ಲಿನ ಮೇಲೆ ಇಟ್ಟ. ಸ್ವಲ್ಪ ಓರೆಯಾಗಿದ್ದನ್ನು ಸರಿ ಮಾಡಿದ. ಬೋಳು ತಲೆಯ ಮೇಲೆ ಶಲ್ಯ ಎಳೆದುಕೊಂಡು ಮತ್ತೆ ಗೋದಾಮಿನೊಳಗೆ ಹೋಗಿ ತಾನೇ ಬಾಗಿಲು ಹಾಕಿಕೊಂಡ.

ಸಾಹೇಬರನ್ನು ಮಾಸ್ತರರು ಹೇಗೋ ಕಾಡಿಬೇಡಿ ಇನ್ನೊಂದು ಸಲಕ್ಕೆ ಒಪ್ಪಿಸಿದರು. ನಾವು ಹಿಂದೆ ಹೋಗಿ ಮತ್ತೆ ಬಂದೆವು. ದೂರದಿಂದಲೇ ಕಾಣಿಸಿತು, ಕೆಂಪು ರುಮಾಲು ಸುತ್ತಿ ಬೆಳ್ಳಗೆ ನಿಂತ ಕಲ್ಲು. ಕಾಕಾ ಅಂಗಿಯ ಗುಂಡಿ ಹಾಕಿಕೊಂಡ. ಬೀಡಿ ಆರಿಸಿದ. ನನಗೂ "ನೆಟ್ಟಗ ನಿಂದರು" ಅಂದ. ಹಿಡಿದ, ಬಿಟ್ಟ, ಹಿಡಿದ. ಮೆಟ್ಟಿಲು ಕಲ್ಲಿಗೆ ಬೆರಳು ತಪ್ಪದೆ ನಿಂತಿತು. ಕಾಕಾ ಇಳಿದು ಕಲ್ಲಿನ ಬುಡ ಮುಟ್ಟಿ ಕಣ್ಣಿಗೆ ಒತ್ತಿಕೊಂಡ.

ಸಾಹೇಬರು ನಕ್ಕರು. ಮೊದಲು ಮೆಲ್ಲಗೆ, ಆಮೇಲೆ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತು ಜೋರಾಗಿ. ಕಣ್ಣು ಒರೆಸಿಕೊಂಡು ಖಾಯಂ ಅಂದರು. ಆದರೆ ಒಂದು ಕರಾರು ಹಾಕಿದರು. ಈ ಮನುಷ್ಯನಿಗೆ ಬರೀ ಕಲ್ಲಿನ ಅಭ್ಯಾಸ ಆಗುವ ತನಕ ರುಮಾಲು ಅದರ ಮೇಲೆ ಇರಲಿ ಅಂದರು. ಮಾವ ಬರೀ ತಲೆಯಲ್ಲಿ ಊರಿಗೆ ಹೋಗಬಾರದು ಅಂತ ಮಾಸ್ತರರು ತಮ್ಮ ಹಳೆಯ ಟೊಪ್ಪಿಗೆ ಕೊಟ್ಟರು, ಮುಂದೆ ಕಂಪನಿಯ ಹಿತ್ತಾಳೆ ಬಿಲ್ಲೆ ಇದ್ದದ್ದು.

ಖಾಯಂ ಆದ ಮರುದಿನ ಕಳಿಸುತ್ತೇನೆ ಅಂದದ್ದನ್ನು ಮಾವ ಅದೇ ದಿನಕ್ಕೆ ತಂದುಕೊಂಡ. ಮಗಳನ್ನು ಕರೆದುಕೊಂಡು ಹೋಗಲಿಕ್ಕೆ ಅಳಿಯನನ್ನು ಚಕ್ಕಡಿಯಲ್ಲೇ ಕೂಡಿಸಿಕೊಂಡ. ಗಂಟು ಹೊರಲಿಕ್ಕೆ ನಾನೂ ಹತ್ತಿದೆ. ಹುಕ್ಕೇರಿಯ ಕಟ್ಟೆಯ ಮುಂದೆ ಹೋಗುವಾಗ ಅಲ್ಲಿ ಕೂತವರೆಲ್ಲ ಎದ್ದು ನಿಂತರು. ಒಬ್ಬ ಬಿಲ್ಲೆಯ ಟೊಪ್ಪಿಗೆಯನ್ನೇ ನೋಡುತ್ತ ಕೇಳಿದ: "ಏನಾತ್ರಿ ಯಜಮಾನ್ರ? ಅಳಿಯಾರು ಖಾಯಂ ಆದ್ರೇನು?"

ಮಾವ ಚಕ್ಕಡಿ ನಿಲ್ಲಿಸಲಿಲ್ಲ. ಟೊಪ್ಪಿಗೆ ಸರಿ ಮಾಡಿಕೊಳ್ಳುತ್ತ ಹೇಳಿದ: "ಅಳಿಯಂದೇನು, ಆತು. ನನ್ನ ರುಮಾಲಿಗೂ ನೌಕರಿ ಸಿಕ್ಕೈತಿ."